ಬೆರಕೆ ಸೊಪ್ಪಿನ ಲೆಕ್ಕ

ಸಂಜೆ ದನ ಮನೆಗೆ ಬರುವ ಹೊತ್ತಿಗೆ ಅಜ್ಜಿಯೂ ಬರುತ್ತಿದ್ದಳು. ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ಮಡಿಲು ಏಳು ತಿಂಗಳ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿರುತ್ತಿತ್ತು. ನಡುಮನೆಯಲ್ಲಿ ಮೊರ ಇಟ್ಟುಕೊಂಡು ನಾನು ಕಾದಿರಬೇಕು. ಅವಳು ಗಂಟು ಸಡಿಲಿಸಿ ಸುರಿದಳೆಂದರೆ ಮನೆಯೆಲ್ಲ ಹಸಿ ಹಸಿ ವಾಸನೆ. ಮಳೆ ಬಿದ್ದ ಮಣ್ಣಿನದು, ಒಂದಿಷ್ಟು ಒಗರಿನದು, ಒಂದಿಷ್ಟು ಹುಳಿಯದು. ಕೈಕಾಲು ತೊಳೆದು ಬಂದವಳೇ ಮೊರದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದು ಎಲೆ ಎತ್ತಿ ಹಿಡಿಯುವಳು. "ಇದ್ಯಾವುದು?"

ಅಣ್ಣೆ ಸೊಪ್ಪು ಅಂದರೆ ಸರಿ. ಕೀರೆ ಅಂದರೆ ತಲೆಗೊಂದು ಮೊಟಕು.

ಮೊರದಲ್ಲಿ ಏನೇನಿರುತ್ತಿತ್ತು! ಅಣ್ಣೆ, ಹೊನಗೊನ್ನೆ, ಮುಳ್ಳುಕೀರೆ, ಚೆಂಚಲಿ, ಗಣಿಕೆ, ಕೊಮ್ಮೆ, ಗೋಣಿ, ಕನ್ನೆ, ತಗಚೆಯ ಎಳೆ ಚಿಗುರು, ಬದುವಿನ ನೆರಳಲ್ಲಿ ಬೆಳೆದ ಹುಳಿಸೊಪ್ಪು. ನಮ್ಮದು ಮುಳಬಾಗಿಲು ಕಡೆಯ ಊರು. ಆಂಧ್ರದ ಗಡಿ ಕೂಗಳತೆಯಲ್ಲಿತ್ತು. ಹಾಗಾಗಿ ಅರ್ಧ ಸೊಪ್ಪುಗಳಿಗೆ ಎರಡೆರಡು ಹೆಸರು. ಅಣ್ಣೆಗೆ ಗುರುಗು, ಹೊನಗೊನ್ನೆಗೆ ಪೊನಗಂಟಿ. ಅಜ್ಜಿ ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಸಿದ್ಧವಿರಬೇಕು. ಇದೆಲ್ಲ ಒಟ್ಟಾಗಿ ಬೆಂದರೆ ಅದು ಬೆರಕೆ ಸೊಪ್ಪು. ಒಂದರ ಕಹಿಯನ್ನು ಇನ್ನೊಂದರ ಹುಳಿ ಮುಚ್ಚುತ್ತದೆ, ಒಂದರ ನಾರನ್ನು ಇನ್ನೊಂದರ ಲೋಳೆ ಹಿಡಿದುಕೊಳ್ಳುತ್ತದೆ. ಪ್ರಮಾಣ ಯಾರೂ ಬರೆದಿಟ್ಟಿರಲಿಲ್ಲ. ಆ ದಿನ ಹೊಲ ಏನು ಕೊಟ್ಟಿತೋ ಅದೇ ಪ್ರಮಾಣ.

ಬಿಡಿಸುವುದಕ್ಕೂ ಒಂದು ಕಟ್ಟಳೆ ಇತ್ತು. ಬೇರು ಸಮೇತ ಕೀಳಬಾರದು, ಕುಡಿ ಮಾತ್ರ ಚಿವುಟಬೇಕು. ಉಗುರು ತಾಗಿಸಿದರೆ ಪಟ್ಟನೆ ಮುರಿಯಬೇಕು. ಬಾಗಿದರೆ, ನಾರು ಎದ್ದರೆ, ಹೂ ಕಚ್ಚಿದ್ದರೆ ಪಕ್ಕಕ್ಕೆ. "ಎಳೇದು ನಮಗೆ, ಬಲಿತಿದ್ದು ದನಕ್ಕೆ" ಎನ್ನುತ್ತ ಅಜ್ಜಿ ಎರಡು ರಾಶಿ ಮಾಡುತ್ತಿದ್ದಳು. ಮೊರ ಖಾಲಿಯಾಗುವಷ್ಟರಲ್ಲಿ ಕತ್ತಲಾಗಿರುತ್ತಿತ್ತು.

ಒಂದು ಬೇಸಿಗೆ ರಜೆಯಲ್ಲಿ ನಾನೂ ಚಿಕ್ಕಪ್ಪನ ಮಕ್ಕಳೂ ಅಜ್ಜಿಯನ್ನು ಕೂರಿಸಿಕೊಂಡು ಎಣಿಸಿದ್ದೆವು. ಅವಳಿಗೆ ತಿನ್ನುವ ಸೊಪ್ಪು ಮೂವತ್ತನಾಲ್ಕು ಗೊತ್ತಿದ್ದವು. ಅವಳ ಸೊಸೆ, ಅಂದರೆ ನನ್ನ ಅಮ್ಮ, ಇಪ್ಪತ್ತರ ಆಸುಪಾಸಿನಲ್ಲಿ ನಿಂತಳು. ಈಗ ಐವತ್ತೆಂಟಾದ ನಾನು ಬೆರಳು ಮಡಿಸಿದರೆ ಹನ್ನೊಂದಕ್ಕೆ ಕೈ ನಿಲ್ಲುತ್ತದೆ. ಬೆಂಗಳೂರಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ಗೊತ್ತಿರುವುದು ನಾಲ್ಕು: ಪಾಲಕ್, ಮೆಂತ್ಯ, ಕೊತ್ತಂಬರಿ, ಪುದೀನ. ಕೊನೆಯ ಎರಡನ್ನು ಅಜ್ಜಿ ಸೊಪ್ಪಿನ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಈ ಲೆಕ್ಕ ನೆನಪಾಗಿದ್ದು ಹೋದ ವರ್ಷ ಮಂಡಿನೋವೆಂದು ಡಾಕ್ಟರ ಹತ್ತಿರ ಹೋದಾಗ. ಮೂಳೆ ಸವೆಯುತ್ತಿದೆ ಎಂದರು. ಸಕ್ಕರೆ ಅಂಚಿನಲ್ಲಿದೆ, ರಕ್ತ ಕಡಿಮೆಯಿದೆ ಎಂದರು. ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಡಿ ಬರೆದರು. ಚೀಟಿ ಕೈಗಿಡುತ್ತಾ, "ದಿನಾ ಸೊಪ್ಪು ತಿನ್ನಿ ಮೇಡಂ, ಬೇರೆ ಬೇರೆ ಥರದ್ದು. ರಾಗಿ ತಿನ್ನಿ. ವಯಸ್ಸಾಗೋದನ್ನ ತಡೆಯೋಕಾಗಲ್ಲ, ನಿಧಾನ ಮಾಡಬಹುದು" ಎಂದರು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಎಂಬತ್ತಮೂರರ ಅಮ್ಮ ಹುರುಳಿಕಾಳು ಆರಿಸುತ್ತಿದ್ದವಳು ತಲೆ ಎತ್ತದೆ ಕೇಳಿದಳು: "ಬೇರೆ ಬೇರೆ ಥರದ್ದು ಅಂತ ಹೇಳಿದ್ರಲ್ಲ, ಎಲ್ಲಿ ಸಿಗ್ತದೆ ಅಂತ ಹೇಳಿದ್ರಾ?"

ಸಿಗುತ್ತಿದ್ದ ಕಾಲದಲ್ಲಿ ಅದು ಒಲೆ ಮೇಲೆ ಏನಾಗುತ್ತಿತ್ತು ಎಂದು ನೆನೆಯುತ್ತೇನೆ. ಎಳೆಯ ಸೊಪ್ಪಾದರೆ ಮಸ್ಸೊಪ್ಪು. ತೊಗರಿಬೇಳೆ, ಹಸಿಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿಯ ಜೊತೆ ಮಣ್ಣಿನ ಮಡಕೆಯಲ್ಲಿ ಬೆಂದ ಸೊಪ್ಪಿನ ನೀರನ್ನು ಅಜ್ಜಿ ಬೇರೆ ಪಾತ್ರೆಗೆ ಬಸಿದಿಡುವಳು. ಹುಣಿಸೆಹಣ್ಣು, ಕಲ್ಲುಪ್ಪು ಹಾಕಿ ಮಡಕೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು ಮರದ ಕಡಗೋಲಿನಲ್ಲಿ ಮಸೆಯುವಳು. ಎಲೆ ಪೂರ್ತಿ ಕರಗಬಾರದು, ನಾಲಿಗೆಗೆ ಅಲ್ಲಲ್ಲಿ ತಾಗಬೇಕು. ಬಸಿದ ನೀರನ್ನು ಮತ್ತೆ ಅದಕ್ಕೇ ಸೇರಿಸಿ, ಕಡಲೆಕಾಯಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಸೊಪ್ಪು ಸ್ವಲ್ಪ ಒರಟಾಗಿದ್ದರೆ ಬಸ್ಸಾರು. ಅಲಸಂದೆಯೋ ಅವರೆಯೋ ಜೊತೆಗೆ ಬೆಂದು, ಕಾಳು ಸೊಪ್ಪು ಪಲ್ಯವಾಗಿ, ಬಸಿದ ನೀರು ಖಾರ ರುಬ್ಬಿಸಿಕೊಂಡು ಸಾರಾಗುತ್ತಿತ್ತು. ಇದ್ಯಾವುದಕ್ಕೂ ಪುರುಸೊತ್ತಿಲ್ಲದ ದಿನ ಉಪ್ಪೆಸರು: ಬಸಿದ ನೀರಿಗೆ ಉಪ್ಪು, ತಟ್ಟೆಯ ಅಂಚಿಗೆ ರುಬ್ಬಿದ ಹಸಿಖಾರ, ಬೇಕಾದಷ್ಟು ಕಲಸಿಕೊಳ್ಳುವುದು.

ಈ ಮೂರರಲ್ಲೂ ಒಂದು ಸಂಗತಿ ಒಂದೇ. ಬಸಿದ ನೀರನ್ನು ಯಾರೂ ಬಚ್ಚಲಿಗೆ ಚೆಲ್ಲುತ್ತಿರಲಿಲ್ಲ. ಸೊಪ್ಪು ಬೇಯುವಾಗ ಫೋಲೇಟ್ ಮುಂತಾದ ಬಿ ಗುಂಪಿನ ವಿಟಮಿನ್ನುಗಳು, ಪೊಟ್ಯಾಸಿಯಂ ಎಲ್ಲ ಆ ನೀರಿಗೆ ಇಳಿಯುತ್ತವೆ ಎಂದು ನಾನು ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಿದ್ದೇನೆ. ಹಸಿರೆಲೆಯ ಕ್ಯಾರೋಟಿನ್ ಮೈಗೆ ಹತ್ತಬೇಕಾದರೆ ಜೊತೆಗೆ ಚೂರು ಎಣ್ಣೆ ಬೇಕು, ಅದು ಒಗ್ಗರಣೆಯಲ್ಲಿತ್ತು. ಸೊಪ್ಪಿನ ಕಬ್ಬಿಣ ರಕ್ತಕ್ಕೆ ಸೇರಬೇಕಾದರೆ ವಿಟಮಿನ್ ಸಿ ನೆರವಾಗುತ್ತದೆ, ಅದು ತಟ್ಟೆಗೆ ಹಿಂಡುತ್ತಿದ್ದ ಅರ್ಧ ನಿಂಬೆಹೋಳಿನಲ್ಲಿತ್ತು. ಬೋರ್ಡಿನ ಮೇಲೆ ಇದನ್ನು ಬರೆಯುತ್ತಿದ್ದಾಗ ಅಜ್ಜಿಯ ಮಡಕೆ ಒಂದು ಸಲವೂ ಕಣ್ಣಮುಂದೆ ಬರಲಿಲ್ಲವಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಸಾರಿದ್ದ ಕಡೆ ಮುದ್ದೆ ಇರಲೇಬೇಕು. ಎಸರು ಕುದಿ ಬಂದು, ಒಂದು ಹಿಡಿ ಅಕ್ಕಿನುಚ್ಚು ಬೆಂದು, ಮೇಲೆ ಸುರಿದ ರಾಗಿಹಿಟ್ಟು ಗೋಪುರದಂತೆ ನಿಂತು, ನಡುವೆ ಕೋಲು ನೆಟ್ಟು, ಆಮೇಲೆ ಕವೆಗೋಲಿನಲ್ಲಿ ಮಡಕೆ ಹಿಡಿದು ತೊಳಸುವ ಆ ಕೆಲಸಕ್ಕೆ ತೋಳಲ್ಲಿ ಕಸುವು ಬೇಕಿತ್ತು. ಗಂಟಿಲ್ಲದ ಮುದ್ದೆ ಕಟ್ಟುವ ತನಕ ನಮ್ಮಲ್ಲಿ ಸೊಸೆಯನ್ನು ಪೂರ್ತಿ ಸೊಸೆ ಎಂದು ಒಪ್ಪುತ್ತಿರಲಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಂ ಮುಟ್ಟುವುದೂ ಕಷ್ಟ. ನನ್ನ ಮಾತ್ರೆಯ ಡಬ್ಬಿ ನೋಡಿದಾಗೆಲ್ಲ ಈ ಎರಡು ಅಂಕಿ ನೆನಪಾಗುತ್ತವೆ.

ಆದರೆ ನನ್ನನ್ನು ಹೆಚ್ಚು ಕಾಡುವುದು ಅಂಕಿಯಲ್ಲ. ಮುದ್ದೆಯನ್ನು ಅಗಿಯುವಂತಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗಬೇಕು. ಮುದುಕರ ಊಟಕ್ಕೆ ಇದಕ್ಕಿಂತ ಹದವಾದದ್ದು ಇನ್ನೇನಿದೆ? ನಮ್ಮ ತಾತನಿಗೆ ಕೊನೆಯ ಹತ್ತು ವರ್ಷ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಆದರೂ ಅವನ ತಟ್ಟೆಗೆಂದು ಬೇರೆ ಅಡುಗೆ ಆಗಲಿಲ್ಲ. ಗಂಜಿ, ಬ್ರೆಡ್ಡು, ಮೆತ್ತನ್ನ ಎಂದು ಅವನನ್ನು ಮೂಲೆಗೆ ಕೂರಿಸಲಿಲ್ಲ. ಆಗತಾನೇ ಹಾಲುಹಲ್ಲು ಬಿದ್ದ ಮೊಮ್ಮಗ ಒಂದು ಕಡೆ, ಹಲ್ಲೇ ಇಲ್ಲದ ತಾತ ಇನ್ನೊಂದು ಕಡೆ, ನಡುವೆ ಹೊಲ ಉತ್ತು ಬಂದ ಅಪ್ಪ. ಮೂವರಿಗೂ ಅದೇ ಮುದ್ದೆ, ಅದೇ ಮಸ್ಸೊಪ್ಪು, ಮುದ್ದೆಯ ಗಾತ್ರ ಮಾತ್ರ ಬೇರೆ. ಮುಪ್ಪಿನಲ್ಲಿ ಮನುಷ್ಯನ ತೂಕ ಇಳಿಯುವುದಕ್ಕೆ ಒಬ್ಬಂಟಿ ತಟ್ಟೆಯೂ ಒಂದು ಕಾರಣ ಎಂದು ನನಗೆ ಈಗ ಅನಿಸುತ್ತದೆ.

ಅಜ್ಜಿಗೆ ಹುಟ್ಟಿದ ದಿನಾಂಕ ಇರಲಿಲ್ಲ. 1918ರ ಇನ್‌ಫ್ಲುಯೆಂಜಾ ಜ್ವರ ಊರು ಗುಡಿಸಿದಾಗ ತಾನು ದನ ಹೊಡೆದುಕೊಂಡು ಹೋಗುವಷ್ಟು ದೊಡ್ಡವಳಾಗಿದ್ದೆ ಎನ್ನುತ್ತಿದ್ದಳು. ಹಾಗೆ ಎಣಿಸಿದರೆ 1994ರಲ್ಲಿ ಅವಳು ಹೋದಾಗ ಎಂಬತ್ತೈದು ಆಗಿತ್ತು. ಅದರ ಹಿಂದಿನ ವರ್ಷದ ತನಕ ನೆಲದ ಮೇಲೆ ಕೈ ಊರದೆ ಏಳುತ್ತಿದ್ದಳು. ಅವಳ ಸೊಂಟ ಬಾಗಿದ್ದು ಮುಪ್ಪಿಗಲ್ಲ, ಸೊಪ್ಪಿಗೆ ಎಂದು ಚಿಕ್ಕಪ್ಪ ರೇಗಿಸುವನು. ಬೆಳಿಗ್ಗೆ ತಂಗಳ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಕುಡಿದು ಹೊರಟರೆ ಹೊಲ, ಕೆರೆಯ ಅಂಚು, ಬದು ಸುತ್ತಿ ಸಂಜೆಗೆ ವಾಪಸ್ಸು. ಒಂದು ಮಡಿಲು ಸೊಪ್ಪಿಗೆ ಅವಳು ಎಷ್ಟು ಸಲ ಬಗ್ಗಿ ಎದ್ದಿರಬಹುದು? ಈಗ ನಾನು ದುಡ್ಡು ಕೊಟ್ಟು ಯೋಗದ ತರಗತಿಯಲ್ಲಿ ಹನ್ನೆರಡು ಸಲ ಬಗ್ಗಿ ಏಳುತ್ತೇನೆ, ಅದೂ ಟೀಚರು ಎಣಿಸಿದರೆ.

ಇಷ್ಟು ಬರೆದ ಮೇಲೆ ಒಂದು ಸತ್ಯ ಹೇಳದಿದ್ದರೆ ಈ ಲೇಖನ ಸುಳ್ಳಾಗುತ್ತದೆ. ಹಿಂದಿನವರು ಚೆನ್ನಾಗಿ ತಿಂದು ನೂರು ವರ್ಷ ಬಾಳಿದರು ಎಂಬ ಮಾತು ಮದುವೆಮನೆಯ ಪಂಕ್ತಿಗೆ ಚೆಂದ. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದವರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಈಗ ಅದು ಎಪ್ಪತ್ತರ ಹತ್ತಿರ ಬಂದಿದೆ. ಲಸಿಕೆ, ಔಷಧಿ, ಆಸ್ಪತ್ರೆ, ಚೊಕ್ಕ ನೀರು ಎಲ್ಲ ಸೇರಿ ಆದದ್ದು ಇದು. ಅಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ನಾಲ್ಕು. ಎಂಬತ್ತೈದು ತಲುಪಿದ ಅಜ್ಜಿಯರು ನಮ್ಮ ನೆನಪಿನಲ್ಲಿದ್ದಾರೆ. ಮೂವತ್ತಕ್ಕೆ ಬಾಣಂತಿ ಕೋಣೆಯಲ್ಲಿ ಹೋದವರನ್ನು ಅಜ್ಜಿ ಎಂದು ಕರೆಯಲು ಯಾರಿಗೂ ಅವಕಾಶ ಸಿಗಲಿಲ್ಲ.

ಅವಳು ಸೊಪ್ಪು ತಂದದ್ದೂ ಆರೋಗ್ಯಕ್ಕೆಂದಲ್ಲ. ಡಬ್ಬಿಯಲ್ಲಿ ಬೇಳೆ ಅಷ್ಟೇ ಇರುತ್ತಿತ್ತು, ಸೊಪ್ಪು ಹೆಚ್ಚಿದರೆ ಸಾರು ಹೆಚ್ಚುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಒಬ್ಬರ ದಿನದ ತಟ್ಟೆಗೆ ಸೊಪ್ಪು ಸೇರಿ 400 ಗ್ರಾಂ ತರಕಾರಿ, 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 300 ಮಿಲಿಲೀಟರ್ ಹಾಲು ಎಂದು ಲೆಕ್ಕ ಕೊಟ್ಟಿದ್ದಾರೆ. ಅಜ್ಜಿಯ ತಟ್ಟೆಯಲ್ಲಿ ಸೊಪ್ಪಿನ ಲೆಕ್ಕ ತಾಳೆಯಾಗುತ್ತಿತ್ತೇನೋ, ಧಾನ್ಯ ಅದರ ಎರಡರಷ್ಟಿತ್ತು. ಬೇಳೆ ಗಂಡಸರ ತಟ್ಟೆಗೆ ಹೋಗಿ, ತಿಳಿಸಾರು ಅವಳಿಗೆ ಉಳಿಯುತ್ತಿತ್ತು. ಹಾಲು ಡೈರಿಗೆ. ಮುದ್ದೆ ತಿಂದರೆ ಸಕ್ಕರೆ ಕಾಯಿಲೆ ಬರುವುದಿಲ್ಲ ಎಂಬ ನಂಬಿಕೆಯೂ ಅಷ್ಟೇ. ದಿನಕ್ಕೆ ಹತ್ತು ಗಂಟೆ ಹೊಲದಲ್ಲಿ ಬಗ್ಗಿದವಳಿಗೆ ಎರಡು ಮುದ್ದೆ ಕರಗುತ್ತಿತ್ತು. ಕುರ್ಚಿಯಲ್ಲಿ ಕೂತ ನನಗೆ ಅರ್ಧ ಮುದ್ದೆಯೇ ಹೆಚ್ಚು ಎಂದು ರಕ್ತಪರೀಕ್ಷೆ ಹೇಳುತ್ತದೆ.

ಹಾಗಾದರೆ ನಾನು ಮರುಗುತ್ತಿರುವುದು ಏತಕ್ಕೆ? ಅವಳ ಬಡತನಕ್ಕಂತೂ ಅಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಈ ಗಾದೆಯಲ್ಲಿ ನಾವು ಊಟ, ರೋಗ ಎರಡನ್ನೇ ಹಿಡಿದುಕೊಂಡು 'ಬಲ್ಲ' ಎಂಬ ಪದವನ್ನು ಕೈಬಿಟ್ಟೆವು. ಅಜ್ಜಿ ಬಲ್ಲವಳು. ಯಾವ ಮಳೆಗೆ ಯಾವ ಸೊಪ್ಪು ಏಳುತ್ತದೆ, ಯಾವುದನ್ನು ಬಾಣಂತಿಗೆ ಕೊಡಬೇಕು, ಬಾಯಿಹುಣ್ಣಿಗೆ ಗಣಿಕೆಯನ್ನು ಹೇಗೆ ಬೇಯಿಸಬೇಕು, ಕೊಮ್ಮೆಯನ್ನು ಎಷ್ಟು ಬೆರೆಸಿದರೆ ಸಾರು ಕೆಡುವುದಿಲ್ಲ ಎಂದು ಬಲ್ಲವಳು. ಆ ಬಲ್ಮೆ ಅತ್ತೆಯಿಂದ ಸೊಸೆಗೆ, ಮೊರದಿಂದ ಮೊಮ್ಮಗಳಿಗೆ ಇಳಿಯುತ್ತಿತ್ತು. ಬಡತನ ಹೋಗಲಿ, ಬಲ್ಮೆ ಉಳಿಯಲಿ ಎಂದು ಯಾರಾದರೂ ಎರಡನ್ನೂ ಬೇರೆ ಬೇರೆ ಮಾಡಿ ಹಿಡಿದುಕೊಳ್ಳಬೇಕಿತ್ತು. ನಾವು ಎರಡನ್ನೂ ಒಂದೇ ತಿಪ್ಪೆಗೆ ಎಸೆದೆವು.

ಎಸೆದವರಲ್ಲಿ ನಾನೂ ಒಬ್ಬಳು. ಕಾಲೇಜಿಗೆಂದು ಬೆಂಗಳೂರಿಗೆ ಬಂದು ಹಾಸ್ಟೆಲ್ ಸೇರಿದಾಗ ರೂಮಿನ ಹುಡುಗಿಯರು ನಮ್ಮೂರಲ್ಲಿ ಏನು ತಿನ್ನುತ್ತೀರಿ ಎಂದು ಕೇಳಿದ್ದರು. ಅನ್ನ, ಹುಳಿ, ಪಲ್ಯ ಎಂದೆ. ಮುದ್ದೆ ಎನ್ನಲು ನಾಲಿಗೆ ಹೊರಳಲಿಲ್ಲ. ಹೊಲದಲ್ಲಿ ಆಯ್ದ ಸೊಪ್ಪು ಎನ್ನುವ ಮಾತಂತೂ ದೂರವೇ ಉಳಿಯಿತು. ರಜೆಗೆ ಊರಿಗೆ ಹೋದಾಗ ಅಜ್ಜಿ ಮೊರ ಮುಂದಿಟ್ಟು "ಬಿಡಿಸ್ಕೊಡು ಬಾರೇ" ಎಂದರೆ ಓದೋದಿದೆ ಎಂದು ಒಳಗೆ ಹೋಗಿಬಿಟ್ಟೆ. ಅವಳು ಮತ್ತೆ ಕರೆಯಲಿಲ್ಲ. ನನ್ನ ಲೆಕ್ಕ ಹನ್ನೊಂದಕ್ಕೆ ನಿಂತದ್ದು ಆ ಸಂಜೆ ಎಂದು ಕಾಣುತ್ತದೆ.

ಅತ್ತ ಹೊಲವೂ ಬದಲಾಗುತ್ತಿತ್ತು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು. ಕೆರೆ, ಮಳೆ, ರಾಗಿ ಇವೇ ನಮ್ಮ ಆಸ್ತಿ. ರಾಗಿ ಹೊಲವೆಂದರೆ ಬರೀ ರಾಗಿಯಲ್ಲ. ನಾಲ್ಕಾರು ಸಾಲಿಗೊಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿಗೆ ಜೋಳ, ಹರಳು. ಒಂದು ಹೊಲವೇ ಮುದ್ದೆ, ಸಾರು, ಪಲ್ಯ, ಎಣ್ಣೆ ಎಲ್ಲವನ್ನೂ ಕೊಡುತ್ತಿತ್ತು. ಎಂಬತ್ತರ ದಶಕದಲ್ಲಿ ಆ ಹೊಲಗಳಲ್ಲಿ ಎಷ್ಟೋ ನೀಲಗಿರಿ ತೋಪುಗಳಾದವು. ಸರ್ಕಾರ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ, ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು. ನೀಲಗಿರಿಯ ತರಗು ಬಿದ್ದ ನೆಲದಲ್ಲಿ ಅಣ್ಣೆ ಏಳುವುದಿಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿತು. ನೀರು ಸಿಕ್ಕವರು ಟೊಮೇಟೊ ಹಾಕಿದರು. ಟೊಮೇಟೊ ತೋಟದಲ್ಲಿ ವಾರಕ್ಕೊಮ್ಮೆ ಔಷಧಿ ಹೊಡೆಯುವಾಗ ಬದುವಿನ ಸೊಪ್ಪನ್ನು ಯಾರು ಮುಟ್ಟುತ್ತಾರೆ?

ಕೊನೆಯ ಪೆಟ್ಟು ಕಳೆನಾಶಕದ್ದು. ಮೊದಲು ರಾಗಿ ಹೊಲಕ್ಕೆ ಕುಂಟೆ ಹೊಡೆದ ಮೇಲೆ ಹೆಂಗಸರು ಸಾಲು ಹಿಡಿದು ಕಳೆ ಕೀಳುತ್ತಿದ್ದರು. ಕೂಲಿ ಯಜಮಾನನದು, ಮಡಿಲು ತುಂಬ ಸೊಪ್ಪು ಅವರದು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ, ಸೊಪ್ಪಿಗೆ ಬೇಲಿ ಇರಲಿಲ್ಲ. ಗಂಡಸಿನ ಕಣ್ಣಿಗೆ ಯಾವುದು ಕಳೆಯೋ ಹೆಂಗಸಿನ ಕಣ್ಣಿಗೆ ಅದು ರಾತ್ರಿಯ ಸಾರು. ಈಗ ಹೊಡೆಯುವ 2,4-ಡಿ ಎಂಬ ಔಷಧಿ ಅಗಲ ಎಲೆಯ ಗಿಡಗಳನ್ನು ಆಯ್ದು ಕೊಲ್ಲುತ್ತದೆ, ಹುಲ್ಲಿನ ಜಾತಿಯನ್ನು ಬಿಡುತ್ತದೆ. ರಾಗಿ ಹುಲ್ಲಿನ ಜಾತಿ, ಉಳಿಯುತ್ತದೆ. ಅಣ್ಣೆ, ಕೀರೆ, ಚೆಂಚಲಿ, ಗಣಿಕೆ, ಎಲ್ಲವೂ ಅಗಲ ಎಲೆಯವು. ಅಕ್ಕಡಿ ಸಾಲಿನ ಅವರೆ, ಅಲಸಂದೆ, ಹುಚ್ಚೆಳ್ಳೂ ಅಗಲ ಎಲೆಯವೇ. ಅಂದರೆ ಒಂದೇ ಡಬ್ಬಿ ಮುದ್ದೆಯನ್ನು ಉಳಿಸಿ, ಅದರ ಪಕ್ಕದ ಸಾರು, ಪಲ್ಯ, ಒಗ್ಗರಣೆ ಮೂರನ್ನೂ ತಟ್ಟೆಯಿಂದ ತೆಗೆದುಹಾಕಿತು.

ಇದರ ನಡುವೆ ರಾಗಿಗೆ ಮರ್ಯಾದೆ ಬಂದದ್ದು ನಿಜ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. 2024-25ರಲ್ಲಿ ಕ್ವಿಂಟಾಲ್ ರಾಗಿಗೆ ಬೆಂಬಲ ಬೆಲೆ 4,290 ರೂಪಾಯಿ ಆಯಿತು. ನಾನು ಹೆಸರು ಹೇಳಲು ನಾಚಿದ ಮುದ್ದೆಯನ್ನು ಈಗ ಹೋಟೆಲಿನವರು ಬಾಳೆಲೆಯ ಮೇಲಿಟ್ಟು ಬಡಿಸುತ್ತಾರೆ. ಮಗಳು ಒಂದು ದಿನ ಮಿರಮಿರ ಮಿಂಚುವ ಡಬ್ಬಿಯೊಂದನ್ನು ತರಿಸಿ, ಚರ್ಮಕ್ಕೂ ಕೂದಲಿಗೂ ಒಳ್ಳೆಯದಂತೆ, ಮೊರಿಂಗಾ ಪುಡಿ ಎಂದಳು. ಮೂಗಿಗೆ ಹಿಡಿದೆ. ನಮ್ಮ ಬಾವಿಕಟ್ಟೆಯ ನುಗ್ಗೆಸೊಪ್ಪು! ಅದರ ಮೇಲೆ ಹಾಕಿದ್ದ ಬೆಲೆಗೆ ಊರಲ್ಲಿ ಆ ಮರವನ್ನೇ ಕೊಡುತ್ತಿದ್ದರು. ಪುಡಿ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಪುಡಿಯಾದ ಮೇಲೆ ಎಲ್ಲ ಎಲೆಯೂ ಒಂದೇ. ಡಬ್ಬಿಯ ಚೀಟಿ ಓದಲು ಬಂದರೆ ಸಾಕು, ಎಲೆಯನ್ನು ಓದಬೇಕಾಗಿಲ್ಲ.

ಡಾಕ್ಟರ ಚೀಟಿಯ ನೆಪ ಹಿಡಿದು ಶ್ರಾವಣದಲ್ಲಿ ಅಮ್ಮನನ್ನು ಕರೆದುಕೊಂಡು ಊರಿಗೆ ಹೋದೆ. ಒಂದು ನೋಟ್‌ಬುಕ್ಕು ತೆಗೆದುಕೊಂಡಿದ್ದೆ. ಅಮ್ಮನಿಗೆ ಗೊತ್ತಿರುವ ಸೊಪ್ಪನ್ನೆಲ್ಲ ಒಂದೊಂದು ಎಲೆ ಅಂಟಿಸಿ ಹೆಸರು ಬರೆದಿಡುವ ಆಸೆ. ಮಘೆ ಮಳೆ ಚೆನ್ನಾಗಿ ಬಿದ್ದಿತ್ತು. ರಾಗಿ ಪೈರು ಗೇಣುದ್ದ ಎದ್ದಿತ್ತು. ಅಮ್ಮನ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಬದುವಿನ ಮೇಲೆ ನನ್ನ ತೋಳು ಹಿಡಿದೇ ನಡೆದಳು. ಹೊಲಕ್ಕಿಳಿದ ಮೇಲೆ ತೋಳು ಬಿಟ್ಟಳು. ನಾಲ್ಕು ಹೆಜ್ಜೆ ಹೋಗಿ, ಬಗ್ಗಿ, ಕೈ ಚಾಚಿದವಳು ಹಾಗೇ ನಿಂತಳು.

ಸಾಲುಗಳ ನಡುವೆ ನೆಲ ಗುಡಿಸಿಟ್ಟ ಹಾಗಿತ್ತು. ಅಲ್ಲಲ್ಲಿ ಹಳದಿ ತಿರುಗಿ ಸುರುಟಿಕೊಂಡ ಗಿಡಗಳು. ಅಮ್ಮ ಒಂದರ ಕಾಂಡ ಮುಟ್ಟಿದಳು.

"ಚೆಂಚಲಿ ಕಣೇ ಇದು."

ಪಕ್ಕದ ಹೊಲದಿಂದ ಚಿಕ್ಕಪ್ಪನ ಮಗ ಕೂಗಿದ: "ದೊಡ್ಡಮ್ಮಾ, ಮುಟ್ಟಬೇಡ. ಮೊನ್ನೆ ಔಷಧಿ ಹೊಡೆದಿದೀವಿ."

ಅಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಕೀಳಿಸಬಾರದಿತ್ತೇನೋ ಎಂದು ನಾನು ಕೇಳಿದ್ದಕ್ಕೆ ಅವನು ನಕ್ಕ. "ಯಾರು ಬರ್ತಾರೆ ಅಕ್ಕ ಕೀಳೋಕೆ? ನೀನು ಬರ್ತೀಯಾ?" ಅವನ ಮಾತಿನಲ್ಲಿ ಕೊಂಕು ಇರಲಿಲ್ಲ, ನನ್ನಲ್ಲಿ ಉತ್ತರವೂ ಇರಲಿಲ್ಲ. ಊರಿನ ಹುಡುಗಿಯರು ಬೆಳಗಾಗುತ್ತಲೇ ಫ್ಯಾಕ್ಟರಿ ಬಸ್ಸು ಹತ್ತುತ್ತಾರೆ. ಕಳೆಗೆ ಆಳು ಹುಡುಕಿದರೆ ರಾಗಿಯ ಲಾಭ ಅಲ್ಲಿಗೇ ಮುಗಿಯುತ್ತದೆ.

ಹೊನಗೊನ್ನೆಯಾದರೂ ಸಿಕ್ಕೀತೆಂದು ಕೆರೆಯ ಕಡೆ ಹೋದೆವು. ಎಷ್ಟೋ ವರ್ಷ ಒಣಗಿ ಜಾಲಿ ಬೆಳೆದಿದ್ದ ಕೆರೆಗೆ ಈಗ ನೀರು ಬಂದಿದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡಲು ಶುರುವಾದದ್ದು 2018ರಲ್ಲಿ. ನೀರು ಕಂಡು ಕೊಕ್ಕರೆಗಳು ಬಂದಿವೆ, ಬಾವಿಗಳು ಜಿನುಗುತ್ತಿವೆ ಎಂದು ಊರವರು ಖುಷಿಯಾಗಿದ್ದಾರೆ. ಅಂಚಿನಲ್ಲಿ ಹೊನಗೊನ್ನೆ ಹುಲುಸಾಗಿ ಹಬ್ಬಿತ್ತು, ಅಷ್ಟು ದಪ್ಪ ಎಲೆ ನಾನು ನೋಡಿರಲಿಲ್ಲ. ಅಮ್ಮ ಬಹಳ ಹೊತ್ತು ನಿಂತು ನೋಡಿದಳು. ಕೀಳಲಿಲ್ಲ. "ಯಾರ ಮನೆ ನೀರೋ ಏನೋ" ಎಂದಳು. ಕಣ್ಣಿಗೆ ಒಳ್ಳೆಯದೆಂದು ಅವಳ ಅತ್ತೆ ವಾರಕ್ಕೆರಡು ಸಲ ತಿನ್ನಿಸುತ್ತಿದ್ದ ಸೊಪ್ಪು ಅದು.

ಕೊನೆಗೆ ಸಿಕ್ಕಿದ್ದು ಊರ ಹೊರಗಿನ ಗುಡಿಯ ಹಿಂದೆ, ಯಾರೂ ಉಳದ ಯಾರೂ ಹೊಡೆಯದ ತುಂಡು ನೆಲದಲ್ಲಿ. ಅಲ್ಲಿ ಅಮ್ಮ ಹರೆಯ ಬಂದವಳಂತಾದಳು. ಕುಕ್ಕರಗಾಲಿನಲ್ಲಿ ಕೂತು ಸರಿಯುತ್ತ ಸರಿಯುತ್ತ ಹೆಸರು ಹೇಳತೊಡಗಿದಳು. ಅಣ್ಣೆ. ಮುಳ್ಳುಕೀರೆ. ಕೊಮ್ಮೆ. ಕನ್ನೆ. ಗೋಣಿ, ಇದು ಸಣ್ಣಗೋಣಿ, ಅದು ದೊಡ್ಡಗೋಣಿ. ನಾನು ಬರೆಯುತ್ತ ಹೋದೆ, ಒಂದೊಂದು ಎಲೆ ಪುಸ್ತಕದಲ್ಲಿ ಒತ್ತಿಟ್ಟೆ. ಕೂರಲಾಗದೆ ನಿಂತೇ ಬಗ್ಗಿ ಕಿತ್ತುಕೊಂಡೆ. ನನ್ನ ಮಂಡಿ ಒಪ್ಪಲಿಲ್ಲ, ಅವಳ ಮಂಡಿ ಒಪ್ಪಿತು. ಹದಿನಾರು ಹೆಸರಾದವು. "ಇನ್ನೂ ಇದ್ವು. ಅತ್ತೆ ಇದ್ದಿದ್ರೆ ಹೇಳೋರು" ಎಂದು ಎದ್ದಳು. ಏಳುವಾಗ ನೆಲಕ್ಕೆ ಒಂದು ಕೈ ಊರಿದಳು.

ಆ ರಾತ್ರಿ ಬೆರಕೆ ಸೊಪ್ಪಿನ ಮಸ್ಸೊಪ್ಪಾಯಿತು. ಮಡಿಲು ತುಂಬದ ಸೊಪ್ಪು, ನಾಲ್ಕು ಜನಕ್ಕೆ ನಾಲ್ಕು ಸೌಟು. ಕುಕ್ಕರಿನಲ್ಲಿ ಬೆಂದರೂ ಆ ವಾಸನೆ ಬಂತು. ಚಿಕ್ಕಪ್ಪನ ಮಗ ಎರಡನೇ ಸಲ ಹಾಕಿಸಿಕೊಂಡು ಸುಮ್ಮನೆ ತಿಂದ.

ಬೆಂಗಳೂರಿಗೆ ಬಂದು ಹದಿನೈದು ದಿನದ ಮೇಲೆ ನೋಟ್‌ಬುಕ್ಕು ಬಿಚ್ಚಿದೆ. ಒತ್ತಿಟ್ಟ ಎಲೆಗಳೆಲ್ಲ ಒಣಗಿ ಒಂದೇ ಬಣ್ಣಕ್ಕೆ ತಿರುಗಿದ್ದವು. ಬಸ್ಸಿನಲ್ಲಿ ಪುಸ್ತಕ ಕೈತಪ್ಪಿ ಬಿದ್ದಾಗ ಮೂರ್ನಾಲ್ಕು ಹಾಳೆಯ ಎಲೆಗಳು ಅದಲುಬದಲಾಗಿದ್ದವು. ಹೆಸರುಗಳು ನನ್ನ ದುಂಡು ಅಕ್ಷರದಲ್ಲಿ ಸಾಲಾಗಿ ಕೂತಿದ್ದವು, ಯಾವ ಹೆಸರಿಗೆ ಯಾವ ಎಲೆ ಎಂದು ನನಗೆ ತಿಳಿಯಲಿಲ್ಲ. ಅಮ್ಮನ ಮುಂದೆ ಹರಡಿದೆ. ಅವಳಿಗೆ ಓದು ಬರುವುದಿಲ್ಲ. ಒಂದೊಂದೇ ಎಲೆ ಎತ್ತಿ, ಹೊರಳಿಸಿ, ತೊಟ್ಟು ಮುಟ್ಟಿ ನೋಡಿ, ಹಾಳೆಯ ಮೇಲೆ ಇಡುತ್ತ ಹೆಸರು ಹೇಳಿದಳು. ಮಗಳು ಪಕ್ಕದಲ್ಲಿ ಕೂತು ಫೋನಿನಲ್ಲಿ ಫೋಟೊ ತೆಗೆದುಕೊಳ್ಳುತ್ತಿದ್ದಳು.

ಕೊನೆಯ ಎಲೆ ಅಣ್ಣೆಯದು, ತುದಿಯಲ್ಲಿ ತೆನೆಯಂಥ ಗುಲಾಬಿ ಹೂವು ಒಣಗಿತ್ತು. ಚೆಂದ ಕಂಡಿತೆಂದು ನಾನೇ ಹುಡುಕಿ ಕಿತ್ತದ್ದು. ಅಮ್ಮ ಅದನ್ನು ಬೆಳಕಿಗೆ ಹಿಡಿದಳು.

"ಇದು ಹೂ ಬಿಟ್ಟುಬಿಟ್ಟಿದೆ ಕಣೇ. ಸಾರಿಗೆ ಬರಲ್ಲ. ಎಳೇದಿದ್ದಾಗ ಕೀಳಬೇಕಿತ್ತು."